ನಾಲ್ಕು ಕಣ್ಣಿನ ಪಾಸ್‌ಪೋರ್ಟ್ ಕ್ಯಾಮೆರಾದಲ್ಲಿ ಸ್ಟೀರಿಯೋ: ನನ್ನ ಅನುಭವ

ಪಾಸ್‌ಪೋರ್ಟ್ ಫೋಟೋ ಒಂದೇ ಸಲಕ್ಕೆ ನಾಲ್ಕು ತೆಗೆಯುವ ಹಳೇ ಕ್ಯಾಮೆರಾದಲ್ಲಿ ಸ್ಟೀರಿಯೋ, ಅಂದರೆ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ (ಡೆಪ್ತ್) ಕಾಣಿಸುವ ಫೋಟೋ, ಕೊನೆಗೂ ಬಂತು. ನಾಲ್ಕು ಲೆನ್ಸಿನ ಪೋಲರಾಯ್ಡ್ ಮಿನಿಪೋರ್ಟ್ರೇಟ್‌ನಲ್ಲಿ ಅಜ್ಜಿ ಮಲ್ಲಿಗೆ ಕಟ್ಟುವುದನ್ನು ತೆಗೆದೆ. ಎರಡು ಚಿತ್ರ ಒಟ್ಟಿಗೆ ನೋಡುವ ವ್ಯೂವರ್‌ನಲ್ಲಿಟ್ಟರೆ ಬಾಳೆನಾರು ಬೆರಳಿನ ಮುಂದೆ ನಿಲ್ಲುತ್ತದೆ, ಬುಟ್ಟಿ ಹಿಂದೆ ಉಳಿಯುತ್ತದೆ. "ಲೆನ್ಸ್‌ಗಳ ನಡುವೆ 35 ಮಿ.ಮೀ. ಇಟ್ಟುಕೊಂಡು ಏನು ಡೆಪ್ತ್ ಬರುತ್ತೆ, ಕಣ್ಣಿಗೇ 65 ಇದೆ" ಅಂದವರಿಗೆಲ್ಲ ಈಗ ಆ ಪ್ರಿಂಟ್ ತೋರಿಸುತ್ತಿದ್ದೇನೆ.

ಕ್ಯಾಮೆರಾ ಸಿಕ್ಕಿದ್ದು ಬಾಗಿಲು ಹಾಕುತ್ತಿದ್ದ ಒಂದು ಸ್ಟುಡಿಯೋದಲ್ಲಿ, 2,500 ರೂಪಾಯಿ ಇರಬೇಕು. ಫಿಲಂ ಕಥೆ ಗೊತ್ತಲ್ಲ, ಇದಕ್ಕೆ ಕೂರುವ, ತೆಗೆದ ಕೂಡಲೇ ಪ್ರಿಂಟ್ ಕೊಡುವ ಪ್ಯಾಕ್ ಫಿಲಂ ತಯಾರಿಕೆ ನಿಲ್ಲುತ್ತಾ ಬಂದು 2016ರಲ್ಲಿ ಫ್ಯೂಜಿಯ ಎಫ್‌ಪಿ-100ಸಿ ಕೂಡ ಮುಗಿಯಿತು. ಡೇಟ್ ಮುಗಿದ ಒಂದು ಪ್ಯಾಕ್ ತಂದು ಸುಮಾರು 4,000 ಕಳೆದುಕೊಂಡೆ, ಹತ್ತರಲ್ಲಿ ಆರು ಹಾಳೆ ಒಣಗಿಹೋಗಿದ್ದವು. ಆಮೇಲೆ ಎಕ್ಸ್‌ರೇ ಫಿಲಂ ಹಿಡಿದೆ. ಕೆಂಪು ದೀಪದಲ್ಲಿ ಕತ್ತರಿಸಿ ಖಾಲಿ ಪ್ಯಾಕಿನೊಳಗೆ ಒಂದೊಂದೇ ಹಾಳೆ ಇಡುವುದು. ಎರಡೂ ಬದಿ ಎಮಲ್ಷನ್ (ಚಿತ್ರ ಮೂಡುವ ಲೇಪ) ಅಲ್ವಾ, ಮೊದಲ ಇಪ್ಪತ್ತು ಹಾಳೆ ಬರೀ ಗೀರು. ಡೆವಲಪ್ ಮಾಡುವ ಟ್ರೇ ತಳಕ್ಕೆ ಗಾಜು ಹಾಕಿದ ಮೇಲೆ ನಿಂತಿತು. ಹಾಳೆ ಉಬ್ಬದಂತೆ ಹೇಗೆ ಕೂರಿಸುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ, ಎರಡು ತಿಂಗಳು ತಿಂದ ವಿಷಯ ಅದು.

ಮೊದಲ ಪ್ರಿಂಟಿನಲ್ಲಿ ಮೂಗು ಗುಂಡಿಯ ಹಾಗೆ ಒಳಗೆ ಹೋಗಿತ್ತು. ಕತ್ತರಿಸಿ ಎಡ ಬಲ ಅದಲು ಬದಲು ಮಾಡಿದೆ, ಮೂಗು ಹೊರಗೆ ಬಂತು. ಆದರೂ ನೋಡಿದರೆ ಕಣ್ಣು ನೋವು. ಡೆಪ್ತ್ ಕಮ್ಮಿ ಅಂತ ನಾನೂ ನಂಬಿದ್ದೆನಲ್ಲ, ಕ್ಯಾಮೆರಾ ಅಡ್ಡ ಮಲಗಿಸಿ ಮೇಲೆ-ಕೆಳಗಿನ ಲೆನ್ಸ್ ಜೋಡಿ ಬಳಸಿದೆ, ಅಲ್ಲಿ ಅಂತರ 45ರ ಹತ್ತಿರ. ಇನ್ನೂ ಕೆಟ್ಟಿತು! ಡೆಪ್ತ್ ಜಾಸ್ತಿಯಾಗಿಯೇ ಹೀಗಾಗುತ್ತಿದೆ ಅಂತ ಆಗ ಹೊಳೆಯಿತು. ಲೆನ್ಸಿನ ಫೋಕಲ್ ಲೆಂತ್ 125 ಮಿ.ಮೀ. (ಚಿತ್ರವನ್ನು ಹತ್ತಿರಕ್ಕೆ ಎಳೆಯುವಂಥದ್ದು), ಫ್ರೇಮ್ ಅಗಲ 35, ಫೋಕಸ್ ನಾಲ್ಕು ಅಡಿಗೆ ಕೂತಿದೆ. ಹಿಂದೆ ದೂರದ ತೆಂಗಿನ ಮರ ಇದ್ದರೆ ಎರಡು ಚಿತ್ರದ ನಡುವೆ ಅದು ಸುಮಾರು ನಾಲ್ಕು ಮಿ.ಮೀ. ಜರುಗಿರುತ್ತದೆ, ಕಣ್ಣು ಕೂಡಿಸುವುದು ಹೇಗೆ? ಎದುರಿಗಿದ್ದವರ ಒಂದೂವರೆ ಅಡಿ ಹಿಂದೆ ಹಳೇ ಕಂಬಳಿ ಕಟ್ಟಿದೆ. ಅಷ್ಟೇ, ಕೂತುಬಿಟ್ಟಿತು.

ದೂರದ್ದೂ ನೋಡೋಣ ಅಂತ ಕನ್ನಡಕದ ಅಂಗಡಿಯಿಂದ ಮೈನಸ್ 0.50 ಗ್ಲಾಸ್ ಒಂದು ಜೊತೆ ತಂದು ಲೆನ್ಸ್ ಮುಂದೆ ಅಂಟಿಸಿದೆ, 120 ರೂಪಾಯಿ ಆಯಿತು. ಫೋಕಸ್ ಹತ್ತು ಅಡಿಗೆ ಹೋಯಿತು. ಜಗಲಿ ಮೇಲೆ ಕೂತವರು ಚೆನ್ನಾಗಿಯೇ ಬಂದರು, ಪ್ರಿಂಟಿನ ಅಂಚು ಮಾತ್ರ ಎರಡು ಮಿ.ಮೀ. ಕತ್ತರಿಸಿ ಜೋಡಿಸಬೇಕು. ಈಗ ಪ್ಲಸ್ ಗ್ಲಾಸ್ ಹಾಕಿ ದಾಸವಾಳ ತೆಗೆಯುತ್ತಿದ್ದೇನೆ. ಎರಡು ಅಡಿಗೆ ಬಂದರೆ ಹೂವು ಒಂದು ಫ್ರೇಮಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಓಡುತ್ತದೆ, ಅದಿನ್ನೂ ಹಿಡಿತಕ್ಕೆ ಸಿಕ್ಕಿಲ್ಲ.