ಐದು ರೂಪಾಯಿ ನಾಣ್ಯ ನೇತು ಹಾಕಿ ರೋಬೋಟಿನ ಕೀಲು ಅಳೆದ ನನ್ನ ಅನುಭವ

ಗಾಡಿಯಿಂದ ರೋಬೋಟ್ ಆಗುವ ಟ್ರಾನ್ಸ್‌ಫಾರ್ಮರ್ ಆಟಿಕೆಯ (ಫಿಗರ್) ಕೀಲನ್ನು ನಾಣ್ಯ ಹಾಕಿ ಅಳೆಯುತ್ತೇನೆ ಅಂದಾಗ ಜೊತೆಯಲ್ಲಿ ಸಂಗ್ರಹ ಮಾಡುವವರು ಯಾರೂ ನಂಬಲಿಲ್ಲ. 'ಕೈ ಮುರಿಯುತ್ತೆ, ಸುಮ್ನೆ ಬಾಕ್ಸ್ ನೋಡಿ ತಗೋ' ಅಂದರು. ಈಗ ಅದೇ ನಾಣ್ಯದ ಲೆಕ್ಕ ನಂಬಿ ಬಾಕ್ಸ್ ಇಲ್ಲದ ಒಂದು ಎಂಪಿ-10 (ಮಾಸ್ಟರ್‌ಪೀಸ್ ಅನ್ನುವ ದುಬಾರಿ ಸಾಲಿನ ಆಪ್ಟಿಮಸ್ ಪ್ರೈಮ್) ತಗೊಂಡಿದ್ದೇನೆ. ಎಲ್ಲರೂ ನಕಲಿ ಅಂದಿದ್ದ ಫಿಗರ್ ಅದು. ಬಂದದ್ದು ಅಸಲಿ. ಅದಕ್ಕೇ ಬರೆಯುತ್ತಿದ್ದೇನೆ.

ಬಣ್ಣ, ಸ್ಟಿಕ್ಕರ್, ಬಾಕ್ಸ್ ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ರೂಪ ಬದಲಿಸುವ ಆಟಿಕೆಯ ಜೀವ ಇರುವುದು ಕೀಲಲ್ಲಿ. ಲಾರಿಯಿಂದ ರೋಬೋಟ್ ಆಗಿ ನಿಂತ ಮೇಲೆ ಕೈ ಜೋತುಬಿದ್ದರೆ ಏನು ಪ್ರಯೋಜನ? ಮೊದಲು ಒಂದಷ್ಟು ಕಾಲ ನಾನೂ ಫೋಟೋ ನೋಡಿಯೇ ತಗೊಳ್ಳುತ್ತಿದ್ದೆ. ಹಾಗೆ ಹೋದ ದುಡ್ಡು ಎಲ್ಲಾ ಸೇರಿ 20-25 ಸಾವಿರ ಆಗಿರಬಹುದು. ಅದರಲ್ಲಿ ಆರು ಸಾವಿರದಷ್ಟು ಒಂದೇ ಫಿಗರ್‌ಗೆ ಹೋಯಿತು. 80ರ ದಶಕದ ಕೊನೆಯದು, ಮಿನುಗುವ ಬಂಗಾರದ ಬಣ್ಣದ ಪ್ಲಾಸ್ಟಿಕ್. ಫೋಟೋದಲ್ಲಿ ಹೊಸದರಂತೆ ಇತ್ತು. ಕಾಲು ಮಡಚಿದ ತಕ್ಷಣ ಪುಡಿಪುಡಿ. ಆ ಕಾಲದ ಬಂಗಾರದ ಪ್ಲಾಸ್ಟಿಕ್ ಮುಟ್ಟದೆ ಇಟ್ಟರೂ ಒಳಗೊಳಗೇ ಪೆಡಸಾಗುತ್ತದೆ ಅನ್ನುವುದು ನಿಮಗೂ ಗೊತ್ತು. ಈಗ ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತಗೊಳ್ಳುವುದಿಲ್ಲ.

2020ರಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪರ್ಸೆಂಟ್‌ಗೆ ಏರಿತು. 2023ರಲ್ಲಿ 70 ಆಯಿತು. ಜಪಾನಿನಿಂದ ಹೊಸದು ತರಿಸುವುದು ನನ್ನ ಕೈಗೆ ನಿಲುಕದೇ ಹೋಯಿತು. ಉಳಿದದ್ದು ಇಲ್ಲಿನ ಸೆಕೆಂಡ್ ಹ್ಯಾಂಡ್ ಮಾತ್ರ. ಮಾರುವವರು ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುತ್ತಾರೆ, ನಾನು ಬೆಂಗಳೂರಲ್ಲಿ. ಅವರ ಹತ್ತಿರ ಅಳತೆಯ ಸಾಧನ ಇರುವುದಿಲ್ಲ. ಆದರೆ ಐದು ರೂಪಾಯಿ ನಾಣ್ಯ ಯಾರ ಮನೆಯಲ್ಲಿ ಇಲ್ಲ? ಒಂದೇ ಥರದ್ದಾದರೆ ಯಾವ ಊರಲ್ಲೂ ತೂಕ ಒಂದೇ.

ಮಾರುವವರು ವಿಡಿಯೋದಲ್ಲಿ ಮಾಡಿ ತೋರಿಸಬೇಕಾದದ್ದು ಇಷ್ಟೇ. ಫಿಗರ್‌ನ ಎದೆ ಹಿಡಿದು ಒಂದು ಕೈಯನ್ನು ಪಕ್ಕಕ್ಕೆ ನೆಟ್ಟಗೆ ಚಾಚಬೇಕು. ಮಣಿಕಟ್ಟಿಗೆ ದಾರದಲ್ಲಿ ಒಂದು ಚಿಕ್ಕ ಜಿಪ್ ಕವರ್ ಕಟ್ಟಿ, ಒಂದೊಂದೇ ನಾಣ್ಯ ಹಾಕಬೇಕು. ಪ್ರತಿ ನಾಣ್ಯಕ್ಕೂ ಅರ್ಧ ನಿಮಿಷ ಕಾಯಬೇಕು. ಕೈ ಇಳಿಯಲು ಶುರುವಾದಾಗ ನಿಲ್ಲಿಸಿ ಎಣಿಸಬೇಕು. ಈಗಿನ ನಾಣ್ಯ 6-7 ಗ್ರಾಂ ಇರುತ್ತದೆ. ಹಳೆಯ ದಪ್ಪ ಬಿಳಿ ನಾಣ್ಯ 9 ಗ್ರಾಂ. ಅದು ಸೇರಿಕೊಂಡರೆ ಲೆಕ್ಕ ಕೆಡುತ್ತದೆ, ಒಂದೇ ಥರದ್ದು ಬೇಕು.

ಡಿಲಕ್ಸ್ ಅನ್ನುವ ಸಣ್ಣ ಸೈಜ್‌ನಲ್ಲಿ ಹಲ್ಲಿಲ್ಲದ, ಬರೀ ಉಜ್ಜಾಟದ ಮೇಲೆ ನಿಲ್ಲುವ ಭುಜ 4-5 ನಾಣ್ಯ ತಡೆದರೆ ನನಗೆ ಸಾಕು. ಎರಡಕ್ಕೇ ಇಳಿದರೆ ಬೇಡ. ಮಾಸ್ಟರ್‌ಪೀಸ್‌ನಲ್ಲಿ ಹನ್ನೆರಡಕ್ಕಿಂತ ಜಾಸ್ತಿ ಬೇಕು. ಇದಕ್ಕಿಂತ ಮುಖ್ಯ ಎಡ ಬಲದ ವ್ಯತ್ಯಾಸ. ಎರಡೂ ಕಡೆ ಏಳು ಬಂದರೆ ಪರವಾಗಿಲ್ಲ. ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಒಂಬತ್ತು ಬಂದರೆ ಎಲ್ಲೋ ಪಿನ್ ಸವೆದಿದೆ, ಇಲ್ಲವೇ ಪಿನ್ ಸುತ್ತ ಕೂದಲೆಳೆಯ ಬಿರುಕು ಇದೆ. ಇದನ್ನು ಯಾವ ಫೋಟೋದಲ್ಲೂ ಹಿಡಿಯಲಾಗುವುದಿಲ್ಲ.

ಕೆಲವು ಮಾರುವವರು ಸಡಿಲ ಕೀಲನ್ನು ಅಂಟು ಹಾಕಿ ಬಿಗಿ ಮಾಡಿಟ್ಟಿರುತ್ತಾರೆ. ಅದಕ್ಕೆ ವಿಡಿಯೋದಲ್ಲಿ ಮೊದಲು ಆ ಕೀಲನ್ನು ಒಂದಿಪ್ಪತ್ತು ಸಲ ಆಡಿಸಲು ಹೇಳುತ್ತೇನೆ, ಆಮೇಲೆ ನಾಣ್ಯ. ಅಂಟು ಹಾಕಿದ ಕೀಲು ಮೊದಲು ಗಟ್ಟಿ ಇದ್ದು ನಂತರ ತಟ್ಟಂತ ಜಾರುತ್ತದೆ. ರ‍್ಯಾಚೆಟ್ (ಹಲ್ಲು ಸಿಕ್ಕಿ ಟಕ್ ಟಕ್ ಅಂತ ತಿರುಗುವ ವ್ಯವಸ್ಥೆ) ಇರುವ ಕೀಲಿಗೆ ಕಿವಿಯೂ ಬೇಕು. ಯಾವ ಕೋನದಲ್ಲಿ, ಯಾವ ಕ್ರಮದಲ್ಲಿ ಆಡಿಸಿ ಕೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗಿರಲಿ.

ಬಿಗಿ ಮಾಡುವುದನ್ನು ನಾನೂ ಪರೀಕ್ಷೆ ಮಾಡಿ ನೋಡಿದ್ದೇನೆ. ಕೀಲಿಗೆ ನೇಲ್ ಪಾಲಿಶ್ ಹಚ್ಚಿದರೆ ಅದರಲ್ಲಿರುವ ದ್ರಾವಕ ಆಟಿಕೆಯ ಎಬಿಎಸ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನನ್ನ ಒಂದು ಬಾಲ್ ಜಾಯಿಂಟ್ (ಗುಂಡಿನಂಥ ಕೀಲು) ಮೆತ್ತಗಾಗಿ ಆಕಾರವೇ ಹೋಯಿತು. ನೀರಿನ ಅಕ್ರಿಲಿಕ್ ಫ್ಲೋರ್ ಪಾಲಿಶ್ ಒಳ್ಳೆಯದು. ಎರಡು ಮೂರು ಕೋಟ್ ಹಚ್ಚಿ, ರಾತ್ರಿಯೆಲ್ಲ ಒಣಗಿಸಿದರೆ ಎರಡು ನಾಣ್ಯದ ಕೀಲು ಐದಕ್ಕೆ ಏರಿತು. ಬಿಸಿಯ ಪರೀಕ್ಷೆಯನ್ನೂ ಮಾಡಿದೆ. ಒಂದು ಅಗ್ಗದ ಫಿಗರ್ ಅನ್ನು ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಇಟ್ಟು ಅಳೆದಾಗ ಒಂದೂವರೆ, ಎರಡು ನಾಣ್ಯ ಕಡಿಮೆ ಬಂತು. ಹಾಗಾಗಿ ಮಂಗಳೂರಿನ ಬೇಸಿಗೆಯ ವಿಡಿಯೋ ಬಂದರೆ ಸ್ವಲ್ಪ ಸಡಿಲ ಬಿಡುತ್ತೇನೆ. ಹಳದಿಯಾದ ಬಿಳಿ ಭಾಗವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡಿದ್ದೂ ಇದೆ, ವರ್ಷದೊಳಗೆ ಮತ್ತೆ ಹಳದಿ ಬಂತು. ಅದಕ್ಕೆ ಬಣ್ಣಕ್ಕೆ ಜಾಸ್ತಿ ದುಡ್ಡು ಕೊಡುವುದಿಲ್ಲ.

'ಲೋಹ ಜಾಸ್ತಿ ಇದ್ದರೆ ಕ್ವಾಲಿಟಿ ಜಾಸ್ತಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೈಯೇ ಭಾರವಾದರೆ ಕೀಲು ಆ ಭಾರವನ್ನೂ ಹೊರಬೇಕು ಅಲ್ವಾ? ದೊಡ್ಡದಾಗಿ, ಲೋಹ ತುಂಬಿ ಮಾಡಿದ ನಕಲಿಗಳು ಕೈಯಲ್ಲಿ ಹಿಡಿದಾಗ ಚೆನ್ನಾಗಿರುತ್ತವೆ. ನಾನು ಅಳೆದವು ಮೂರ್ನಾಲ್ಕು ನಾಣ್ಯಕ್ಕೇ ಇಳಿದವು.

ಈಗ ಆ ಎಂಪಿ-10 ವಿಷಯ. 2011ರ ಟಕಾರಾ ಟೋಮಿಯ ಕಾನ್ವಾಯ್, ಅಂದರೆ ನಮ್ಮ ಆಪ್ಟಿಮಸ್. ಬಣ್ಣ ಮಂಕು, ಬಾಕ್ಸ್ ಇಲ್ಲ, ಜೊತೆಗೆ ಬರುವ ಸ್ಪೈಕ್ ಗೊಂಬೆಯೂ ಇಲ್ಲ. ವಿಡಿಯೋದಲ್ಲಿ ಎಡ ಭುಜ ಸುಮಾರು ಹದಿನಾರು, ಬಲ ಭುಜ ಹದಿನೈದು. ಕಾಲೂ ಹಾಗೇ ಸಮ. 12-13 ಸಾವಿರಕ್ಕೆ ಮುಗಿಸಿದೆ. ಬಂದ ಮೇಲೆ ಸ್ನೇಹಿತರ ಅಸಲಿ ಎಂಪಿ-10 ಜೊತೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆವು, ಎರಡಕ್ಕೂ ನಾಲ್ಕೈದು ಗ್ರಾಂ ಅಷ್ಟೇ ಫರಕು. ಎದೆ ತೆರೆದರೆ ಮ್ಯಾಟ್ರಿಕ್ಸ್ ಅನ್ನುವ ಪುಟ್ಟ ತುಣುಕು ಇರಬೇಕಾದ ಜಾಗದಲ್ಲೇ ಇತ್ತು. ಅಚ್ಚಿನ ಅಕ್ಷರಗಳೂ ಅದರಂತೆಯೇ ಚೂಪು. ನಕ್ಕವರಲ್ಲಿ ಇಬ್ಬರು ಈಗ ನನ್ನಿಂದಲೇ ನಾಣ್ಯದ ಲೆಕ್ಕದ ಕೋಷ್ಟಕ ತಗೊಂಡು ಹೋಗಿದ್ದಾರೆ.

ಮುಂದೆ ಬೇಕಿರುವುದು 2003ರ ಎಂಪಿ-1. ಅದರಲ್ಲಿ ಲೋಹ ಜಾಸ್ತಿ, ಎತ್ತರವೂ ಜಾಸ್ತಿ, ನನ್ನ ಈಗಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಮೊದಲು ಒಂದು ಚೆನ್ನಾಗಿರುವ ಎಂಪಿ-1ರ ನಾಣ್ಯದ ಲೆಕ್ಕ ಸಿಗಬೇಕು, ಆಮೇಲೆ ದುಡ್ಡಿನ ಮಾತು. ನಿಮ್ಮ ಹತ್ತಿರ ಇದ್ದರೆ ಎರಡೂ ಭುಜ ಅಳೆದು ತಿಳಿಸಿ.