ಮನೆ ನೋಡಲು ಸಂಜೆ ಹೋಗಿ

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ 12 ವರ್ಷದಿಂದ ಮಕ್ಕಳ ರಕ್ಷಣೆಯ ಕೆಲಸ ಮಾಡುತ್ತಿದ್ದೇನೆ. ಮಕ್ಕಳ ಕಲ್ಯಾಣ ಸಮಿತಿ ಹೇಳಿದಾಗ ಮಗುವಿನ ಮನೆಗೆ ಹೋಗಿ, ನೋಡಿ, ಸಾಮಾಜಿಕ ತನಿಖಾ ವರದಿ ಬರೆದುಕೊಡಬೇಕು. ಅದಕ್ಕೆ ಇರುವುದು 15 ದಿನ. ಮಗು ಮನೆಯಲ್ಲೇ ಇರಬೇಕೋ, ಬಾಲಮಂದಿರಕ್ಕೆ ಹೋಗಬೇಕೋ ಅನ್ನುವುದು ಹೆಚ್ಚಾಗಿ ಆ ವರದಿಯ ಮೇಲೆಯೇ ನಿಂತಿರುತ್ತದೆ. ಹೊಸದಾಗಿ ಸೇರಿದವರು ಕೇಳುತ್ತಾರೆ, "ಅಕ್ಕಾ, ಮನೆಗೆ ಹೋದ್ಮೇಲೆ ಮೊದಲು ಏನು ನೋಡ್ಬೇಕು?" ಒಂದು ಮನೆಯನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ. ಹೆಸರು, ಊರು ಹೇಳುವಂತಿಲ್ಲ. ಕಾನೂನು ತಡೆಯದಿದ್ದರೂ ನಾನು ಹೇಳುತ್ತಿರಲಿಲ್ಲ.

ಮೂರು ವಾರದಿಂದ ಹುಡುಗಿ ಶಾಲೆಗೆ ಬಂದಿಲ್ಲ ಎಂದು ಮೇಷ್ಟ್ರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದರು. ಹುಡುಗಿಗೆ 10 ವರ್ಷ, ತಮ್ಮನಿಗೆ ಎರಡೂವರೆ. ಅಪ್ಪ ಬೆಂಗಳೂರಿಗೆ ಗುಳೆ ಹೋದಾಗ ಅಲ್ಲೇ ತೀರಿಕೊಂಡಿದ್ದ. ಅಮ್ಮ ಹತ್ತಿ ಬಿಡಿಸಲು ಹೋಗುತ್ತಾಳೆ. ಮನೆಯಲ್ಲಿ ಅಜ್ಜಿ. "ಎರಡನ್ನೂ ಹಾಸ್ಟೆಲಿಗೆ ಹಾಕಿಬಿಡ್ರಿ ಮೇಡಂ, ಉಂಡ್ಕೊಂಡು ಇರ್ತಾವ" ಎಂದು ಓಣಿಯವರೇ ಸಲಹೆ ಕೊಟ್ಟರು.

ಮೊದಲ ಸಲ ಬೆಳಿಗ್ಗೆ 11ಕ್ಕೆ ಹೋಗಿದ್ದೆ. ಅಮ್ಮ ಇರಲಿಲ್ಲ. ಅಂಗಳ ಗುಡಿಸಿತ್ತು. "ಎಲ್ಲಾ ಚೊಲೋ ಐತ್ರಿ" ಎಂದರು ಅಜ್ಜಿ. ಆ ಹೊತ್ತಿಗೆ ನೋಡಿದರೆ ಎಲ್ಲ ಮನೆಯೂ ಹಾಗೇ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಭೇಟಿ ಮುಗಿಸಿ "ತೃಪ್ತಿಕರ" ಎಂದು ಬರೆದುಬಿಟ್ಟಿದ್ದೇನೆ, ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಹಾಗಾಗಿ ಎರಡನೇ ಸಲ ಸಂಜೆ 5ಕ್ಕೆ ಹೋಗಿ, ಕೂಲಿಯವರನ್ನು ಕರೆತರುವ ಟಂಟಂ ಆಟೊ ಊರಿಗೆ ಬರುವವರೆಗೂ ಕೂತೆ.

ಒಳಗೆ ಕಾಲಿಟ್ಟಾಗ ತಲೆಯಲ್ಲಿ ಒಂದೇ ಪ್ರಶ್ನೆ ಇರಲಿ. ಈ ಮಗು ಇವತ್ತು ರಾತ್ರಿ ಇಲ್ಲೇ ಮಲಗಿದರೆ ಪರವಾಗಿಲ್ವಾ? ಮೈಮೇಲೆ ಗಾಯ, ಸುಟ್ಟ ಗುರುತು, ಒಬ್ಬರು ಬಂದ ಕೂಡಲೇ ಮಗು ಮಾತು ನಿಲ್ಲಿಸುವುದು, ಕುಡಿದು ಹೊಡೆಯುವವರು ಮನೆಯಲ್ಲಿರುವುದು, ಯಾರು ಎಲ್ಲಿ ಮಲಗುತ್ತಾರೆ ಅನ್ನುವುದಕ್ಕೆ ಸರಿಯಾದ ಉತ್ತರ ಸಿಗದಿರುವುದು. ಇಂಥದ್ದು ಕಂಡರೆ ರೇಷನ್ ಕಾರ್ಡ್ ಕೇಳುತ್ತಾ ಕೂರಬೇಡಿ. 1098ಕ್ಕೆ, ಪೊಲೀಸರಿಗೆ ತಿಳಿಸಿ. ರಕ್ಷಿಸಿ ಕರೆತಂದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಪೋಕ್ಸೊ ಕಾಯ್ದೆಯಡಿ ದೂರು ಕೊಡಲೇಬೇಕು. ಮನೆಯವರ ಮರ್ಯಾದೆ ಎಂದು ಸುಮ್ಮನಾದರೆ ಅದೇ ಅಪರಾಧ.

ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆಮೇಲೆ ನಾನು ಮಾಡುವುದು ದಿನದ ಲೆಕ್ಕ. ಬಿಳಿ ಹಾಳೆಯಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಗಂಟೆ ಬರೆದು, ಒಂದೊಂದು ಗಂಟೆಗೂ ಕೇಳುತ್ತೇನೆ: ಮಗು ಎಲ್ಲಿರುತ್ತೆ, ಜೊತೆಗೆ ಯಾರು, ಏನು ತಿನ್ನುತ್ತೆ? "ಮಕ್ಕಳನ್ನ ಯಾರು ನೋಡ್ಕೋತಾರೆ?" ಎಂದು ಕೇಳಿದರೆ "ಅಜ್ಜಿ" ಎಂಬ ಒಂದೇ ಮಾತು ಬರುತ್ತದೆ. ಗಂಟೆ ಹಿಡಿದು ಕೇಳಿದಾಗ ನಿಜ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ 7ಕ್ಕೆ ಟಂಟಂ ಹೊರಡುತ್ತದೆ, ಬರುವುದು ಸಂಜೆ 7ರ ಮೇಲೆ. ಆ 12 ಗಂಟೆಯೂ ತಮ್ಮ ಇದ್ದದ್ದು ಅಕ್ಕನ ಸೊಂಟದ ಮೇಲೆ. ಮನೆಯಿಂದ ನೂರು ಹೆಜ್ಜೆಗೆ ಕಾಲುವೆ. ಅಜ್ಜಿ ಹೊಸಿಲಲ್ಲೇ ಕೂತಿರುತ್ತಾರೆ, ಆದರೆ ನಾನು ಎದುರಿಗೆ ನಿಂತಾಗ "ಯಾರವ್ವಾ ನೀನು?" ಎಂದು ಕೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಡುಗಿ ಶಾಲೆ ಬಿಟ್ಟದ್ದು ಅದಕ್ಕೇ. ಅಜ್ಜಿಗೆ ಕಾಣುವುದು ಕಡಿಮೆಯಾದ ಹಾಗೆ ತಮ್ಮ ಅವಳ ಪಾಲಿಗೆ ಬಂದಿದ್ದ.

ಮಗುವಿನ ಹತ್ತಿರ ಬೇರೆಯಾಗಿಯೇ ಮಾತಾಡಿ, ದೊಡ್ಡವರಿಗೆ ಕಾಣುವ ಆದರೆ ಕೇಳಿಸದ ಜಾಗದಲ್ಲಿ. ನಾನು ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಮನೆ ಬರೆಯಲು ಹೇಳುತ್ತೇನೆ. ಎಲ್ಲಿ ಮಲಗ್ತೀಯ, ಪಕ್ಕದಲ್ಲಿ ಯಾರು, ಯಾವ ಹೊತ್ತು ಇಷ್ಟ, ಯಾವ ಹೊತ್ತು ಬೇಡ ಅನ್ಸುತ್ತೆ? "ಅವರು ಹೊಡೀತಾರಾ?" ಎಂದು ಉತ್ತರವನ್ನು ಬಾಯಿಗೆ ಇಡಬೇಡಿ. "ಯಾರಿಗೂ ಹೇಳಲ್ಲ" ಎಂದು ಮಾತನ್ನೂ ಕೊಡಬೇಡಿ, ಹೇಳಲೇಬೇಕಾದ ಸಂದರ್ಭ ಬಂದೀತು. ಈ ಹುಡುಗಿ ಕಾಲುವೆ ಬರೆದಳು. ಬರೆದು, "ತಮ್ಮ ಅಲ್ಲಿಗೆ ಓಡ್ತಾನ್ರಿ, ನನಗ ನಿದ್ದೀನೇ ಬರಂಗಿಲ್ಲ" ಎಂದಳು. ಹತ್ತು ವರ್ಷದ ಮಗು!

ಮನೆಯೊಳಗೆ ಕಣ್ಣಾಡಿಸುವುದನ್ನೂ ಮರೆಯಬೇಡಿ. ಹತ್ತಿ ಬೆಳೆಯುವ ಕಡೆ ಕ್ರಿಮಿನಾಶಕಕ್ಕೆ 'ಎಣ್ಣೆ' ಅನ್ನುತ್ತಾರೆ. ಅದರ ಬಾಟಲಿ ಮಗುವಿನ ಕೈಗೆ ಸಿಗುವ ಗೂಡಿನಲ್ಲಿರುತ್ತದೆ, ಇಲ್ಲವೇ ಖಾಲಿ ಬಾಟಲಿಯಲ್ಲಿ ನೀರು ತುಂಬಿಟ್ಟಿರುತ್ತಾರೆ. ಸಣ್ಣ ಮಗುವಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದು, ಅಪೌಷ್ಟಿಕತೆ ಇದೆಯೇ ಎಂದು ತಿಳಿಯಲು ತೋಳಿನ ಸುತ್ತಳತೆಗೆ ಬಣ್ಣದ ಟೇಪ್ ಹಾಕಿಸಿ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಕೂಡಲೇ ಆಸ್ಪತ್ರೆಗೆ ತೋರಿಸಬೇಕು. ಈ ಹುಡುಗನದು ಹಳದಿಯಲ್ಲಿತ್ತು, ಅಂದರೆ ಮಧ್ಯಮ ಅಪೌಷ್ಟಿಕತೆ.

ಬಡತನವನ್ನು ನಿರ್ಲಕ್ಷ್ಯ ಎಂದು ಬರೆಯಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಮ್ಮ ರಾತ್ರಿ ಬಂದು ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ, ಮಗಳ ತಲೆ ಬಾಚಿದ್ದನ್ನು ನಾನು ಕೂತು ನೋಡಿದೆ. ಅದೂ ವರದಿಗೆ ಹೋಗಬೇಕು. ಬಾಲಮಂದಿರ ಕೊನೆಯ ದಾರಿ ಎಂದು ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಮನೆಗೆ ಏನಿಲ್ಲ ಅನ್ನುವುದರ ಜೊತೆ ಯಾರಿದ್ದಾರೆ ಎಂದೂ ಕೇಳಿ. ಎರಡು ಮನೆ ಆಚೆಗೆ ದೊಡ್ಡಮ್ಮ ಇದ್ದಳು. ಮಾತು ಬಿಟ್ಟಿದ್ದರು, ಅಷ್ಟೇ. ನಾನು ಹೋಗಿ ಕೇಳಿದಾಗ, "ಕೂಸು ಏನ್ ತಪ್ಪು ಮಾಡೇತ್ರಿ?" ಎಂದಳು.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ದಾಟಿರಬಾರದು. ಅಪ್ಪ ಇಲ್ಲದ ಮಕ್ಕಳಿಗೆ ಅಪ್ಪನ ಮರಣ ಪ್ರಮಾಣಪತ್ರ ಬೇಕು, ಎಲ್ಲವೂ ನಿಲ್ಲುವುದು ಅಲ್ಲೇ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು. ಗುಳೆ ಹೋದಲ್ಲಿ ತೀರಿಕೊಂಡವರ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಮೊದಲ ವಾರವೇ ಈ ಕಾಗದದ ಬೆನ್ನು ಹತ್ತಿ.

ಮಗುವಿಗೆ ಮುಂದೆ ಏನು ಮಾಡಬೇಕು ಎಂಬ ಯೋಜನೆ ಬರೆಯುವಾಗ "ಮಗುವಿನ ಸುರಕ್ಷತೆ ಖಚಿತಪಡಿಸುವುದು" ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. ಯಾರು, ಏನು, ಯಾವತ್ತು ಎಂದು ಬರೆಯಿರಿ. ನಾನು ಬರೆದದ್ದು ಹೀಗೆ: ತಮ್ಮ ಹಗಲು ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯ್ತಿಯ 'ಕೂಸಿನ ಮನೆ'ಯಲ್ಲಿ, ಅಲ್ಲಿಂದ ಬಂದ ಮೇಲೆ ಅಮ್ಮ ಬರುವವರೆಗೆ ದೊಡ್ಡಮ್ಮನ ಮನೆಯಲ್ಲಿ. ಅಕ್ಕ ಸೋಮವಾರದಿಂದ ಶಾಲೆಗೆ, ಕರೆದುಕೊಂಡು ಹೋಗುವುದು ಆಶಾ ಕಾರ್ಯಕರ್ತೆ. ಅಜ್ಜಿಯ ಕಣ್ಣಿನ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ, ಈ ತಿಂಗಳೊಳಗೆ, ಜೊತೆಗೆ ಹೋಗುವುದು ನಾನು. ಬರೆದದ್ದನ್ನು ಅವರ ಮಾತಿನಲ್ಲೇ ಓದಿ ಹೇಳಿದೆ. ಆಗ ಅಮ್ಮ ಒಂದು ತಿದ್ದುಪಡಿ ಹೇಳಿದಳು. ಅಮಾವಾಸ್ಯೆ ದಿನ ಕೂಲಿ ಇರುವುದಿಲ್ಲ, ಆಪರೇಷನ್ ಅವತ್ತಿಗೆ ಹತ್ತಿರ ಇಟ್ಟರೆ ತಾನೂ ಬರುತ್ತೇನೆ ಎಂದಳು. ದಿನ ಬದಲಾಯಿಸಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಂಡೆ.

ಎಂಟು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹೇಳದೆ ಸಂಜೆ ಹೊತ್ತಿಗೇ ಹೋಗಿ. ಅದೇ ಗಂಟೆಗಳ ಹಾಳೆ ಕೈಯಲ್ಲಿರಲಿ. ಮೂರನೇ ತಿಂಗಳು ಹೋದಾಗ ಅಜ್ಜಿ ದೂರದಿಂದಲೇ ಕೈ ಬೀಸಿದರು. ಹುಡುಗಿ ಮನೆಯಲ್ಲಿರಲಿಲ್ಲ, ಗೆಳತಿಯರ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದಳು.