ಮೀನಿನ ಗಾಡಿಯೋ, ಆಲೂಗಡ್ಡೆ ಗಾಡಿಯೋ: ಹಳೆ ಪಿಕಪ್ ಕೊಂಡ ನನ್ನ ಅನುಭವ

ಕುಂದಾಪುರದ ಹತ್ತಿರ ನಮ್ಮದು ತೆಂಗಿನಕಾಯಿ ವ್ಯಾಪಾರ. ಬಾಡಿಗೆ ಗಾಡಿಗೆ ದುಡ್ಡು ಸುರಿದು ಸಾಕಾಗಿ, ಹಳೆಯದೊಂದು ಬೊಲೆರೊ ಪಿಕಪ್ ತಗೊಳ್ಳೋಣ ಅಂತ ಹೊರಟೆ. ಕೊನೆಗೆ ಎರಡು ಗಾಡಿ ಉಳಿದವು. ಎರಡೂ 2016ರ ಮಾಡೆಲ್.

ಒಂದು ಗಂಗೊಳ್ಳಿ ಕಡೆಯದು. ಓಡಿದ್ದು 1,10,000 ಕಿ.ಮೀ. ಹೊಸ ಪೇಂಟ್ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಹಾಸನದ್ದು, ಕೆಎ 13 ನಂಬರ್. 1,80,000 ಓಡಿತ್ತು. ಬಣ್ಣ ಮಾಸಿತ್ತು, ಬಾಗಿಲುಗಳ ಬುಡದಲ್ಲಿ ತುಕ್ಕಿನ ಗುಳ್ಳೆ ಎದ್ದಿತ್ತು. ಟೈರ್ ಹೊಸತು ಅಂತ ಬೆಲೆ ಬೇರೆ 40,000 ಜಾಸ್ತಿ. ಯಾರನ್ನು ಕೇಳಿದರೂ ಗಂಗೊಳ್ಳಿಯದ್ದೇ ತಗೋ ಅಂದರು.

ಗಂಗೊಳ್ಳಿ ಗಾಡಿ ನೋಡಲು ಪರಿಚಯದ ಟಿಂಕರ್ (ಗಾಡಿಯ ತಗಡು ಕೆಲಸ ಮಾಡುವ) ಅಣ್ಣನನ್ನು ಕರೆದುಕೊಂಡು ಹೋದೆ. ಅವರು ಪೇಂಟ್ ಕಡೆ ನೋಡಲೇ ಇಲ್ಲ. "ಈ ಗಾಡಿ ಎಂತ ಲೋಡ್ ಹೊಡೀತಿತ್ತು?" ಅಂತ ಮೊದಲು ಕೇಳಿದರು. ಮೀನು. ಪೆಟ್ಟಿಗೆಯ ಐಸ್ ಕರಗಿ, ಉಪ್ಪುನೀರು ದಿನವೂ ಹಲಗೆಯ ಸಂದಿಯಿಂದ ಚಾಸಿ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ಮೇಲೆ ತೊಟ್ಟಿಕ್ಕುತ್ತದೆ. ನೀರು ಆರಿದರೂ ಉಪ್ಪು ಅಲ್ಲೇ ಕೂರುತ್ತದೆ. ಕರಾವಳಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ಒದ್ದೆಯಾಗಿಯೇ ಇಡುತ್ತದೆ. ಹಾಗಾಗಿ ಬೇಸಿಗೆಯಲ್ಲೂ ತುಕ್ಕು ನಿಲ್ಲುವುದಿಲ್ಲ.

ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ಹೋದೆವು. ಅಣ್ಣ ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ಬಡಿಯುತ್ತಾ ಬಂದರು. ಮುಂದೆ ಠಣ್ ಠಣ್ ಅನ್ನುತ್ತಿತ್ತು. ಹಿಂದಿನ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಜಾಗಕ್ಕೆ ಬಂದಾಗ ದೊಪ್ ಅಂದಿತು. ಅಲ್ಲಿ ಸ್ಕ್ರೂ ಡ್ರೈವರ್ ಒತ್ತಿದರೆ ತುಕ್ಕು ಚಿರೋಟಿಯ ಎಸಳಿನ ಹಾಗೆ ಪದರ ಪದರವಾಗಿ ಕಳಚಿ ನನ್ನ ಎದೆ ಮೇಲೆ ಬಿತ್ತು. ಇಡೀ ಲೋಡಿನ ಭಾರ ಹೊರುವ ಜಾಗ ಅದು. ಹೊರಗೆ ಬಂದು ಕ್ಯಾಬಿನ್ ಮೆಟ್ಟಿಲ ಪಕ್ಕ ಅಯಸ್ಕಾಂತ ಇಟ್ಟರೆ ಹಿಡಿಯಲೇ ಇಲ್ಲ, ಜಾರಿತು. ಒಳಗೆ ಬರೀ ಪುಟ್ಟಿ, ಅಂದರೆ ತೂತು ಮುಚ್ಚಲು ಮೆತ್ತುವ ಪೇಸ್ಟ್. "ಪೇಂಟಿಗೆ ದುಡ್ಡು ಕೊಡ್ಬೇಡ ಮಾರಾಯ" ಅಂದರು ಅಣ್ಣ.

ಹಾಸನದ ಗಾಡಿ ಆಲೂಗಡ್ಡೆ ಹೊತ್ತದ್ದು. ಚಾಸಿ ಮೇಲೆ ಕೆಂಪು ಪುಡಿಯಂಥ ತುಕ್ಕು ಇತ್ತು, ಆದರೆ ವೈರ್ ಬ್ರಷ್ ಎಳೆದರೆ ಗಟ್ಟಿ ಕಬ್ಬಿಣ ಕಾಣುತ್ತಿತ್ತು. ಬ್ರೇಕ್ ಪೈಪ್ ಚೆನ್ನಾಗಿತ್ತು. ಚಾಸಿ ನಂಬರ್ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಇದನ್ನು ಮರೆಯಬೇಡಿ, ಆ ಅಕ್ಷರಗಳನ್ನು ತುಕ್ಕು ತಿಂದಿದ್ದರೆ ಎಫ್‌ಸಿಗೆ (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಸರ್ಟಿಫಿಕೇಟಿಗೆ) ಹೋದಾಗ ಸುಮ್ನೆ ತಲೆನೋವು. ಎಂಟು ವರ್ಷ ದಾಟಿದ ಲೋಡ್ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು, ಅಲ್ವಾ? ಕಿ.ಮೀ. ಜಾಸ್ತಿಯಾದರೆ ಇಂಜಿನ್ ಬಿಚ್ಚಿ ಸರಿ ಮಾಡಬಹುದು. ಚಾಸಿ ಕೊಳೆತರೆ ನನ್ನಂಥವನ ಕೈಯಲ್ಲಿ ಆಗುವ ಕೆಲಸವಲ್ಲ. ಹಾಸನದ್ದನ್ನೇ ತಗೊಂಡೆ.

ಬಾಗಿಲ ತುಕ್ಕಿಗೆ ಕಾರಣ ಒಳಗಿನ ಪ್ಯಾಡ್ ಬಿಚ್ಚಿದಾಗ ಸಿಕ್ಕಿತು. ಗಾಜಿನ ಸಂದಿಯಿಂದ ಒಳಗಿಳಿದ ನೀರು ಹೋಗಲು ಬಾಗಿಲ ತಳದಲ್ಲಿ ತೂತುಗಳಿರುತ್ತವೆ. ಅವೆಲ್ಲ ಹೊಲದ ಮಣ್ಣಿನಿಂದ ಮುಚ್ಚಿ ಹೋಗಿದ್ದವು. ಅಂದರೆ ಬಾಗಿಲು ಒಳಗಿಂದ ತುಕ್ಕು ಹಿಡಿದಿತ್ತು. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ತಗಡು ಹೋಗಿಯೇ ಇರುತ್ತದೆ.

ಪುಟ್ಟಿ ಬೇಡ ಅಂತ ಅಣ್ಣನಿಗೆ ಮೊದಲೇ ಹೇಳಿದ್ದೆ. ಬ್ಯಾಟರಿ ಟರ್ಮಿನಲ್ ತೆಗೆದು, ಕೊಳೆತ ಭಾಗದ ಸುತ್ತ ಒಳ್ಳೆ ತಗಡು ಸಿಗುವವರೆಗೆ ಕತ್ತರಿಸಿದರು. 20 ಗೇಜ್ (ದಪ್ಪದ ಅಳತೆ) ತಗಡು ಕೂರಿಸಿ ಸಿಒಟು (ಗ್ಯಾಸ್ ಬಿಟ್ಟು ತಂತಿಯಿಂದ ಮಾಡುವ) ವೆಲ್ಡಿಂಗ್ ಮಾಡಿದರು. ತೆಳು ತಗಡಿಗೆ ಆರ್ಕ್ (ಮಾಮೂಲಿ ರಾಡ್ ವೆಲ್ಡಿಂಗ್) ಹಿಡಿದರೆ ತೂತು ಬೀಳುತ್ತದೆ. ಒಂದೇ ಗೆರೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ಆರಲು ಬಿಟ್ಟು ಮುಂದುವರಿದರು. ಇಲ್ಲದಿದ್ದರೆ ಬಾಗಿಲು ಸೊಟ್ಟಗಾಗುತ್ತದೆ. ಚಾಸಿಯನ್ನು ನಾನೇ ಎರಡು ದಿನ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಎಪಾಕ್ಸಿ ಪ್ರೈಮರ್ ಹೊಡೆದೆ. ಅದರ ಮೇಲೆ ಕಪ್ಪು ಅಂಡರ್‌ಕೋಟ್. ತೇವದ ಮೇಲೆ ಅಂಡರ್‌ಕೋಟ್ ಬಳಿದರೆ ತುಕ್ಕಿಗೆ ಹೊದಿಕೆ ಹೊದೆಸಿದ ಹಾಗೆ. ಬಾಗಿಲ ತೂತುಗಳನ್ನು ಮಾತ್ರ ಮುಚ್ಚದಂತೆ ಒಂದೊಂದಾಗಿ ತಂತಿ ತೂರಿಸಿ ನೋಡಿದೆ. ಎಲ್ಲ ಸೇರಿ 31,000 ಖರ್ಚಾಯಿತು.

ಎರಡು ಮಳೆಗಾಲ ಕಳೆದಿವೆ. ಚಾಸಿ ಹಾಗೇ ಇದೆ. ಎಡ ಬಾಗಿಲ ವೆಲ್ಡಿಂಗ್ ಅಂಚಿನಲ್ಲಿ ಮೊನ್ನೆ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದಿದೆ. ಮಳೆ ಹಿಡಿಯುವ ಮೊದಲು ಅದನ್ನು ಉಜ್ಜಿ ಪ್ರೈಮರ್ ಹಾಕಬೇಕು.